ಈಟಿಂಗ್ ಡಿಸಾರ್ಡರ್ ಗುಣವಾದ ಮೇಲೂ ಉಳಿಯುವ ತೊಂದರೆಗಳೇನು? ಯಾವ ತಪಾಸಣೆ ಅಗತ್ಯ?

ತೂಕ ಮೊದಲಿನಂತಾಗಿ, ಊಟ ಸರಿಹೋದರೆ ಕಾಯಿಲೆ ಮುಗಿಯಿತು ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಅನೊರೆಕ್ಸಿಯಾ, ಬುಲಿಮಿಯಾದಂತಹ ಈಟಿಂಗ್ ಡಿಸಾರ್ಡರ್‌ಗಳು ವಾಸಿಯಾದ ಮೇಲೂ ದೇಹದ ಕೆಲವು ಭಾಗಗಳಲ್ಲಿ ಅದರ ಪರಿಣಾಮ ವರ್ಷಗಟ್ಟಲೆ ಉಳಿಯಬಹುದು. ಕೆಲವು ತೊಂದರೆಗಳು ಪೂರ್ತಿ ಸರಿಹೋಗುತ್ತವೆ, ಇನ್ನು ಕೆಲವಕ್ಕೆ ನಿರಂತರ ನಿಗಾ ಬೇಕು.

ಮೂಳೆ ಮತ್ತು ಹಲ್ಲು

ಮೂಳೆಗಳು ಗಟ್ಟಿಯಾಗುವುದೇ ಹದಿಹರೆಯದಲ್ಲಿ. ಅದೇ ವಯಸ್ಸಿನಲ್ಲಿ ಆಹಾರ ಕಡಿಮೆಯಾಗಿ ಮುಟ್ಟು ನಿಂತರೆ ಈಸ್ಟ್ರೊಜೆನ್ ಕುಸಿದು ಮೂಳೆ ಸವೆಯುತ್ತದೆ. ತೂಕ ಹೆಚ್ಚಿದಾಗ ಮೂಳೆಯ ಸಾಂದ್ರತೆ ಸುಧಾರಿಸಿದರೂ ಎಲ್ಲರಲ್ಲೂ ಪೂರ್ತಿ ಮರಳುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯೊಂದರಿಂದಲೇ ಇದು ಸರಿಹೋಗದು. ಡೆಕ್ಸಾ ಸ್ಕ್ಯಾನ್‌ನಿಂದ ಮೂಳೆಯ ಸ್ಥಿತಿ ತಿಳಿಯುತ್ತದೆ.

ಪದೇ ಪದೇ ವಾಂತಿಯಾದವರಲ್ಲಿ ಹೊಟ್ಟೆಯ ಆಮ್ಲ ಹಲ್ಲಿನ ಎನಾಮಲ್ ಕರಗಿಸಿರುತ್ತದೆ. ಅದು ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ದಂತವೈದ್ಯರ ಬಳಿ ಹಳೆಯ ಕಾಯಿಲೆಯನ್ನು ಮುಚ್ಚಿಡಬಾರದು.

ಹೃದಯ, ಹೊಟ್ಟೆ, ಗರ್ಭಧಾರಣೆ

ನಿಧಾನವಾಗಿದ್ದ ಹೃದಯ ಬಡಿತ ಸಾಮಾನ್ಯವಾಗಿ ಪೌಷ್ಟಿಕ ಆಹಾರದಿಂದ ಸರಿಹೋಗುತ್ತದೆ. ಬೇಗ ಹೊಟ್ಟೆ ತುಂಬುವುದು, ಉಬ್ಬರ, ಮಲಬದ್ಧತೆ ಕೆಲ ತಿಂಗಳು ಕಾಡಬಹುದು. ಪೊಟ್ಯಾಸಿಯಂ ಕೊರತೆ ಬಹುಕಾಲ ಇದ್ದವರು ಮೂತ್ರಪಿಂಡದ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಮುಟ್ಟು ಮರಳಿದ ಬಹುತೇಕರು ತಾಯಿಯಾಗಬಲ್ಲರು. ಆದರೆ ಗರ್ಭಿಣಿಯಾದಾಗ ವೈದ್ಯರಿಗೆ ಹಿಂದಿನ ಕಾಯಿಲೆಯ ವಿಷಯ ತಿಳಿಸಬೇಕು.

ಮಧುಮೇಹ ಇದ್ದವರಿಗೆ ಹೆಚ್ಚು ಅಪಾಯ

ಉತ್ತರ ಚೆನ್ನೈನ ರಾಯಪುರಂ ಮಧುಮೇಹ ಚಿಕಿತ್ಸೆಗೆ ಹೆಸರಾದ ಪ್ರದೇಶ. 1948ರಲ್ಲಿ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಮಧುಮೇಹ ಕ್ಲಿನಿಕ್ ಆರಂಭಿಸಿದ ಡಾ. ಎಂ. ವಿಶ್ವನಾಥನ್ 1954ರಲ್ಲಿ ಇಲ್ಲಿ ಎಂ.ವಿ. ಮಧುಮೇಹ ಆಸ್ಪತ್ರೆ ಸ್ಥಾಪಿಸಿದರು. ಸಕ್ಕರೆ ಕಾಯಿಲೆ ಕಣ್ಣು, ಮೂತ್ರಪಿಂಡ, ಪಾದಗಳನ್ನು ಹೇಗೆ ಹಾಳು ಮಾಡುತ್ತದೆ ಎಂಬುದನ್ನು ಇಂತಹ ಆಸ್ಪತ್ರೆಗಳು ದಿನನಿತ್ಯ ಕಾಣುತ್ತವೆ.

ಟೈಪ್ 1 ಮಧುಮೇಹ ಇರುವ ಕೆಲವರು ದಪ್ಪಗಾಗುವ ಭಯಕ್ಕೆ ಇನ್ಸುಲಿನ್ ತಪ್ಪಿಸುತ್ತಾರೆ. ಇದು ಕೀಟೊಆಸಿಡೋಸಿಸ್‌ಗೆ ಕಾರಣವಾಗಿ ಪ್ರಾಣಕ್ಕೇ ಕುತ್ತು ತರಬಹುದು. ಈ ಅಭ್ಯಾಸ ಬಿಟ್ಟ ಮೇಲೂ ಅಪಾಯ ತಕ್ಷಣ ತಪ್ಪುವುದಿಲ್ಲ. ಅಮೆರಿಕ, ಕೆನಡಾಗಳಲ್ಲಿ ನಡೆದ ಡಿಸಿಸಿಟಿ ಅಧ್ಯಯನ 1993ರಲ್ಲಿ ಮುಗಿದ ನಂತರವೂ ಅದರಲ್ಲಿ ಭಾಗವಹಿಸಿದವರ ಮೇಲೆ ನಿಗಾ ಇಡಲಾಯಿತು. ಹಿಂದೆ ಸಕ್ಕರೆ ಹತೋಟಿ ಸಡಿಲವಾಗಿದ್ದವರಲ್ಲಿ, ನಂತರ ಹತೋಟಿ ಸುಧಾರಿಸಿದರೂ, ಕಣ್ಣು ಮತ್ತು ಮೂತ್ರಪಿಂಡದ ತೊಂದರೆ ವರ್ಷಗಳವರೆಗೆ ಹೆಚ್ಚಾಗಿಯೇ ಕಂಡುಬಂತು. ಹೀಗಾಗಿ ಇಂಥವರು ಪ್ರತಿವರ್ಷ ರೆಟಿನಾ, ಮೂತ್ರ ಮತ್ತು ಪಾದದ ತಪಾಸಣೆ ತಪ್ಪಿಸಬಾರದು.

ಗುಣವಾಗುವ ಭರವಸೆ ಎಷ್ಟು?

ಅಮೆರಿಕದ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 22 ವರ್ಷಗಳ ನಂತರ ಅನೊರೆಕ್ಸಿಯಾದ ಶೇ 62.8 ಹಾಗೂ ಬುಲಿಮಿಯಾದ ಶೇ 68.2ರಷ್ಟು ಮಹಿಳೆಯರು ಚೇತರಿಸಿಕೊಂಡಿದ್ದರು. ತಡವಾದರೂ ಗುಣವಾಗಲು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

ಮನೆಯವರ ಪಾತ್ರವೂ ದೊಡ್ಡದು. ಮದುವೆ, ಹಬ್ಬಗಳಲ್ಲಿ "ಈಗ ಮೈ ತುಂಬಿಕೊಂಡಿದ್ದೀಯ" ಎಂಬ ಮೆಚ್ಚುಗೆಯ ಮಾತೂ ಚೇತರಿಸಿಕೊಂಡವರಲ್ಲಿ ಹಳೆಯ ಭಯ ಕೆರಳಿಸಬಹುದು. ಊಟ ಬಿಡುವುದು ಮತ್ತೆ ಶುರುವಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು.