ಯಾವುದಕ್ಕೆ ಹೋಲಿಸಿದರೆ ಹೆಚ್ಚು? ಬೆರಕೆ ಬಿತ್ತನೆಯ ಇಳುವರಿ ಅಳೆದ ಚರಿತ್ರೆ

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯ ಬೇಸಾಯವನ್ನು ನೋಡಲು ಹೊರಟರು. 1807ರಲ್ಲಿ ಅಚ್ಚಾದ ಅವರ ಪ್ರವಾಸ ವರದಿಯಲ್ಲಿ ರಾಗಿ ಬಿತ್ತನೆಯ ವಿವರ ಬಲು ಸೂಕ್ಷ್ಮವಾಗಿದೆ. ಕೂರಿಗೆಯಿಂದ ರಾಗಿ ಬೀಳುತ್ತಿದ್ದಂತೆ, ಅದರ ಹಿಂದೆ ಕಟ್ಟಿದ ಬಿದಿರಿನ ಕೊಳವೆಯಿಂದ ದೂರ ದೂರದ ಸಾಲುಗಳಿಗೆ ಅವರೆ ಇಲ್ಲವೇ ತೊಗರಿ ಇಳಿಯುತ್ತಿತ್ತು. ನಮ್ಮ ಅಕ್ಕಡಿ ಸಾಲು ಇದೇ. ಬೆರಕೆಯನ್ನೂ ಒಂಟಿ ಬೆಳೆಯನ್ನೂ ಪಕ್ಕಪಕ್ಕದಲ್ಲಿ ಬೆಳೆಸಿ ಪರೀಕ್ಷಿಸುವುದು ಮಾತ್ರ ಬುಕನನ್ ಅವರ ಕೆಲಸವಾಗಿರಲಿಲ್ಲ.

ಅಂಥ ಕೆಲಸ ನಡೆದದ್ದು ಇಂಗ್ಲೆಂಡಿನ ವೋಬರ್ನ್‌ನಲ್ಲಿ. ಬೆಡ್‌ಫರ್ಡ್ ಡ್ಯೂಕ್‌ನ ತೋಟಗಾರ ಜಾರ್ಜ್ ಸಿಂಕ್ಲೇರ್ ಪುಟ್ಟ ಪುಟ್ಟ ಪಾತಿಗಳಲ್ಲಿ ಹುಲ್ಲುಗಳನ್ನು ಬೆಳೆಸಿ, ಫಲಿತಾಂಶವನ್ನು 1816ರಲ್ಲಿ ಪುಸ್ತಕವಾಗಿ ಹೊರತಂದರು. ಹಲವು ಜಾತಿಯ ಹುಲ್ಲು ಬಿತ್ತಿದ ನೆಲ ಒಂದೇ ಜಾತಿ ಬಿತ್ತಿದ ನೆಲಕ್ಕಿಂತ ಹೆಚ್ಚು ಒಣಮೇವು ಕೊಡುತ್ತದೆಂದು ಡಾರ್ವಿನ್ 1859ರಲ್ಲಿ ಬರೆದರು. ಆದರೆ ಪ್ರಯೋಗ ಯಾರದೆಂದು ಹೇಳಲಿಲ್ಲ. ಆ ಮಾತಿನ ಮೂಲ ಸಿಂಕ್ಲೇರ್ ಅವರ ಪಾತಿಗಳೆಂದು ಹೆಕ್ಟರ್ ಮತ್ತು ಹೂಪರ್ 2002ರಲ್ಲಿ ತೋರಿಸಿಕೊಟ್ಟರು.

ವಿಷಯ ಅಷ್ಟು ಸರಳವಲ್ಲ ಎಂಬುದಕ್ಕೂ ಸಾಕ್ಷಿ ಇಂಗ್ಲೆಂಡಿನಲ್ಲೇ ಇತ್ತು. ರೊಥಾಮ್‌ಸ್ಟೆಡ್‌ನ ಹುಲ್ಲುಗಾವಲಿನಲ್ಲಿ 1856ರಲ್ಲಿ ಶುರುವಾದ ಗೊಬ್ಬರದ ಪ್ರಯೋಗ ಇಂದಿಗೂ ನಡೆಯುತ್ತಿದೆ. ಅಲ್ಲಿ ಸಾರಜನಕ ಸುರಿದ ಪಾತಿಗಳಲ್ಲಿ ಹುಲ್ಲಿನ ತೂಕ ಏರಿತು, ಜಾತಿಗಳು ಕಳೆದುಹೋದವು. ಹೆಚ್ಚು ಬೆಳೆಯುವ ನೆಲದಲ್ಲೇ ವೈವಿಧ್ಯ ಕಡಿಮೆ ಇರಬಹುದು. ಹಾಗಾಗಿ ಬೇರೆ ಬೇರೆ ನೆಲಗಳನ್ನು ಹೋಲಿಸಿ ತೀರ್ಮಾನಕ್ಕೆ ಬರುವಂತಿಲ್ಲ. ಒಂದೇ ನೆಲದಲ್ಲಿ ಜಾತಿಗಳ ಸಂಖ್ಯೆಯನ್ನಷ್ಟೇ ಬದಲಿಸಿ ನೋಡಬೇಕು.

ಅಮೆರಿಕದ ಮಿನೆಸೋಟದ ಸೀಡರ್ ಕ್ರೀಕ್‌ನಲ್ಲಿ ಪರಿಸರ ವಿಜ್ಞಾನಿ ಡೇವಿಡ್ ಟಿಲ್ಮನ್ 1994ರಲ್ಲಿ ಹಾಗೆಯೇ ಮಾಡಿದರು. 168 ಪಾತಿಗಳು, ಒಂದೊಂದೂ 9 ಮೀಟರ್ ಚೌಕ. ಬಿತ್ತಿದ್ದು 1, 2, 4, 8 ಅಥವಾ 16 ಜಾತಿ. 2001ರ ವರದಿಯ ಪ್ರಕಾರ 16 ಜಾತಿಯ ಪಾತಿಗಳ ಜೀವರಾಶಿ ಏಕಜಾತಿ ಪಾತಿಗಳ 2.7 ಪಟ್ಟು. ಆದರೆ ಮೈಕೆಲ್ ಹಸ್ಟನ್ 1997ರಲ್ಲೇ ಇಂಥ ಪ್ರಯೋಗಗಳಿಗೆ ಗಟ್ಟಿ ಆಕ್ಷೇಪ ಎತ್ತಿದ್ದರು: ಹದಿನಾರು ಜಾತಿ ಬಿತ್ತಿದರೆ ಅದರೊಳಗೆ ಒಂದು ಪುಷ್ಟಿಯಾಗಿ ಬೆಳೆಯುವ ಜಾತಿ ಸೇರಿಕೊಳ್ಳುವ ಸಾಧ್ಯತೆ ಹೆಚ್ಚು, ಆಗ ಗೆದ್ದದ್ದು ವೈವಿಧ್ಯವೋ, ಆ ಒಂದು ಜಾತಿಯೋ? ಲೊರೊ ಮತ್ತು ಹೆಕ್ಟರ್ 2001ರಲ್ಲಿ ಈ ಎರಡನ್ನೂ ಲೆಕ್ಕದಲ್ಲಿ ಬೇರ್ಪಡಿಸುವ ಸೂತ್ರ ಕೊಟ್ಟರು. ಕಾರ್ಡಿನೇಲ್ ಮತ್ತು ಸಂಗಡಿಗರು 2007ರಲ್ಲಿ 44 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, ಅತಿ ವೈವಿಧ್ಯದ ಪಾತಿಗಳು ಏಕಜಾತಿಗಳ ಸರಾಸರಿಯ 1.7 ಪಟ್ಟು ಬೆಳೆದಿದ್ದವು. ಅತ್ಯುತ್ತಮ ಏಕಜಾತಿಯನ್ನು ಮೀರಿಸಿದ್ದು ಮಾತ್ರ ಶೇ. 12ರಷ್ಟು ಪ್ರಯೋಗಗಳಲ್ಲಿ.

ಹಾಗಾದರೆ ಒಳ್ಳೆಯ ಒಂದೇ ಬೆಳೆ ಹಾಕಿದರೆ ಸಾಕೆ? ಇಲ್ಲಿ ಬೇಸಾಯ ವಿಜ್ಞಾನಿಗಳ ಅಳತೆ ನೆರವಿಗೆ ಬರುತ್ತದೆ. ಡಚ್ ವಿಜ್ಞಾನಿ ಡಿ ವಿಟ್ 1960ರಲ್ಲಿ ಸಾಪೇಕ್ಷ ಇಳುವರಿಯ, ಅಂದರೆ ಬೆರಕೆಯಲ್ಲಿನ ಇಳುವರಿಯನ್ನು ಅದೇ ಬೆಳೆಯ ಒಂಟಿ ಇಳುವರಿಗೆ ಹೋಲಿಸುವ, ವಿಚಾರವನ್ನು ವ್ಯವಸ್ಥಿತವಾಗಿ ಮಂಡಿಸಿದ್ದರು. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಜೋಳ–ತೊಗರಿ ಬೆರಕೆಯ ಮೇಲೆ ದುಡಿದ ವಿಲ್ಲಿ, ಮೀಡ್ ಜೊತೆಗೂಡಿ 1980ರಲ್ಲಿ ಭೂ ಸಮಾನತಾ ಅನುಪಾತವನ್ನು ವಿವರಿಸಿದರು. ಒಂದು ಎಕರೆಯಲ್ಲಿ ಬರಿಯ ರಾಗಿ 10 ಕ್ವಿಂಟಲ್, ಬರಿಯ ತೊಗರಿ 5 ಕ್ವಿಂಟಲ್ ಬರುತ್ತದೆಂದಿಟ್ಟುಕೊಳ್ಳಿ. ಅಕ್ಕಡಿಯಲ್ಲಿ ಅದೇ ಎಕರೆ 8 ಕ್ವಿಂಟಲ್ ರಾಗಿ, 2 ಕ್ವಿಂಟಲ್ ತೊಗರಿ ಕೊಟ್ಟಿತು. ತೂಕಕ್ಕೆ ತೂಕ ನೋಡಿದರೆ ಬರಿಯ ರಾಗಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಆದರೆ ಅಷ್ಟು ರಾಗಿಗೆ 0.8 ಎಕರೆ, ಅಷ್ಟು ತೊಗರಿಗೆ 0.4 ಎಕರೆ ಬೇರೆ ಬೇರೆಯಾಗಿ ಬೇಕು. ಒಟ್ಟು 1.2 ಎಕರೆ. ಈ 1.2 ಎಂಬುದೇ ಭೂ ಸಮಾನತಾ ಅನುಪಾತ. ಮುದ್ದೆಗೂ ಸಾರಿಗೂ ಎರಡೂ ಬೇಕಾದ ಮನೆಗೆ ಲೆಕ್ಕಕ್ಕೆ ಬರುವುದು ಈ ಅಳತೆಯೇ. ಲೊರೊ–ಹೆಕ್ಟರ್ ಸೂತ್ರವೂ ಸಾಪೇಕ್ಷ ಇಳುವರಿಯನ್ನೇ ಆಧರಿಸಿದೆ. ಪರಿಸರ ವಿಜ್ಞಾನದ ಹತ್ತು ವರ್ಷದ ಜಗಳಕ್ಕೆ ಬೇಕಿದ್ದ ಸಲಕರಣೆ ಹೊಲದ ವಿಜ್ಞಾನದಲ್ಲಿ ಆಗಲೇ ಸಿದ್ಧವಿತ್ತು. ಎರಡೂ ಶಾಖೆಗಳು ಪರಸ್ಪರ ಓದಿಕೊಂಡದ್ದು ತೀರಾ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಬೆರಕೆಗೆ ಲಾಭ ಎಲ್ಲಿಂದ ಬರುತ್ತದೆ? ತೊಗರಿಯ ಬಾಲ್ಯ ಬಲು ನಿಧಾನ. ರಾಗಿ ತೆನೆ ಕಟ್ಟಿ ಕೊಯ್ಲಾಗುವವರೆಗೂ ಅದು ಬಿಸಿಲಿಗಾಗಿ ಹೆಚ್ಚು ಪೈಪೋಟಿ ಮಾಡದೆ ಆಳಕ್ಕೆ ಬೇರು ಇಳಿಸುತ್ತಿರುತ್ತದೆ. ರಾಗಿ ಹೋದ ಮೇಲೆ, ಮಳೆ ನಿಂತ ನೆಲದ ಉಳಿದ ತೇವದಲ್ಲಿ ಹೂ ಬಿಟ್ಟು ಕಾಯಿ ಕಟ್ಟುತ್ತದೆ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಸ್ಥಿರೀಕರಣಗೊಳ್ಳುತ್ತದೆ. ಇಕ್ರಿಸ್ಯಾಟ್‌ನ ಸಂಶೋಧಕರು 1990ರಲ್ಲಿ ಇನ್ನೊಂದು ಗುಟ್ಟನ್ನೂ ಪ್ರಕಟಿಸಿದರು. ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡ ರಂಜಕವನ್ನು ತೊಗರಿ ಬೇರು ಪಿಸಿಡಿಕ್ ಆಮ್ಲವನ್ನು ಸ್ರವಿಸಿ ಬಿಡಿಸಿಕೊಳ್ಳುತ್ತದೆ. ಹಳೆ ಮೈಸೂರಿನ ರಾಗಿ ಹೊಲಗಳು ಬಹುಪಾಲು ಇಂಥ ಕೆಂಪು ಮಣ್ಣಿನವು.

ಸೀಡರ್ ಕ್ರೀಕ್‌ನಲ್ಲಿ ಹದಿನಾರು ಜಾತಿಗಳಿದ್ದವು, ಆದರೆ ಅವು ಹುಲ್ಲುಗಾವಲಿನ ಗಿಡಗಳು. ಬೇಸಾಯ ಕೇಂದ್ರಗಳ ಪ್ರಯೋಗಗಳಲ್ಲಿ ಕಾಳು ತೂಗುತ್ತಾರೆ, ಆದರೆ ಬಹುಪಾಲು ಎರಡೇ ಬೆಳೆ. ರಾಗಿಯ ಜೊತೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ, ಹರಳು ಸೇರಿಸುವ ಅಕ್ಕಡಿ ಈ ಎರಡರ ನಡುವೆ ಬೀಳುತ್ತದೆ. ಅದನ್ನು ಅದರ ಪೂರ್ಣ ರೂಪದಲ್ಲೇ, ಬೆಳೆಗಳ ಸಂಖ್ಯೆಯನ್ನು ಒಂದೊಂದಾಗಿ ಏರಿಸುತ್ತ, ಮಳೆ ಕೈಕೊಟ್ಟ ವರ್ಷಗಳೂ ಸೇರುವಷ್ಟು ಕಾಲ ಬೆಳೆಸಿ, ಪ್ರತಿ ಕಾಳನ್ನೂ ಅದರದೇ ಒಂಟಿ ಬೆಳೆಗೆ ಹೋಲಿಸಿ ತೂಗಬೇಕು. ಮೇವಿನ ತೂಕವನ್ನೂ ಬಿಡಬಾರದು. ರಾಗಿ ಹುಲ್ಲಿಲ್ಲದೆ ಆ ಬೇಸಾಯದ ಲೆಕ್ಕ ಪೂರ್ತಿಯಾಗುವುದಿಲ್ಲ.