ಓಮದ ಹಬೆ, ಹರಳೆಣ್ಣೆಯ ಹೊಗೆ

ಓಮದ ಎಣ್ಣೆಗೆ ರೋಗಾಣು ಕೊಲ್ಲುವ ಗುಣ ಬಂದಿರುವುದು ಮುಖ್ಯವಾಗಿ ಥೈಮಾಲ್ ಎಂಬ ವಸ್ತುವಿನಿಂದ. ಅದು ಕುದಿಯುವುದು ಸುಮಾರು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಶಾಖ ಕೊಟ್ಟರೆ ಓಮಕಾಳು ಸೀದು ಕರಿಯಾಗುತ್ತದೆ. ಆದರೆ ನೀರಿನೊಡನೆ ಕುದಿಸಿದರೆ ಅದೇ ಥೈಮಾಲ್ ನೂರು ಡಿಗ್ರಿ ಮುಟ್ಟುವ ಮೊದಲೇ ಹಬೆಯ ಜೊತೆ ಎದ್ದು ಬರುತ್ತದೆ. ನೀರು ಮತ್ತು ಎಣ್ಣೆ ಬೆರೆಯುವುದಿಲ್ಲವಾದ್ದರಿಂದ ಎರಡರ ಆವಿಯ ಒತ್ತಡ ಒಟ್ಟುಗೂಡುತ್ತದೆ. ಆ ಮೊತ್ತ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾದರೆ ಸಾಕು, ಕುದಿತ ಶುರು. ಸಸ್ಯದ ಎಣ್ಣೆಯಿಂದ ಸೋಂಕುನಿವಾರಕ ಮಾಡುವ ವಿದ್ಯೆ ಬೆಳೆದ ಬಗೆ ನೋಡಿದರೆ, ಹೆಚ್ಚು ಕಟುವಾದ ಎಣ್ಣೆಯನ್ನು ಹುಡುಕಿದ್ದಕ್ಕಿಂತ ಬೆಂಕಿಯನ್ನು ಎಲ್ಲಿಡಬೇಕು, ಎಷ್ಟಿಡಬೇಕು ಎಂದು ಕಲಿತದ್ದೇ ದೊಡ್ಡ ಕೆಲಸ ಎನಿಸುತ್ತದೆ.

ಜರ್ಮನಿಯ ಕ್ಯಾಸ್ಪರ್ ನ್ಯೂಮನ್ 1719ರಲ್ಲಿ ಥೈಮ್ ಗಿಡದ ಎಣ್ಣೆಯಲ್ಲಿ ಥೈಮಾಲಿನ ಹರಳುಗಳನ್ನು ಗುರುತಿಸಿದರು. ರೋಗಾಣುಗಳ ಕಲ್ಪನೆಯೇ ಇಲ್ಲದ ಕಾಲದಲ್ಲಿ ಅದೊಂದು ಕುತೂಹಲವಷ್ಟೇ. 1867ರಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದ ಶಸ್ತ್ರಚಿಕಿತ್ಸಾ ಪ್ರಯೋಗಗಳನ್ನು ಪ್ರಕಟಿಸಿದ ಮೇಲೆ ಚಿತ್ರ ಬದಲಾಯಿತು. ಕಲ್ಲಿದ್ದಲ ಡಾಂಬರಿನಿಂದ ಬಂದ ಆ ಆಮ್ಲ ಗಾಯವನ್ನು ಕಾಪಾಡುತ್ತಿತ್ತು, ವೈದ್ಯರ ಕೈಚರ್ಮವನ್ನು ಸುಡುತ್ತಿತ್ತು. ಅದಕ್ಕಿಂತ ಸೌಮ್ಯವಾದದ್ದು ಬೇಕೆಂದಾಗ ಥೈಮಾಲ್, ನೀಲಗಿರಿ ಎಣ್ಣೆಗಳಿಗೆ ಬೇಡಿಕೆ ಬಂತು. 1879ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಲಿಸ್ಟರಿನ್‌ನಲ್ಲಿ ಇವೆರಡರ ಸಾರವೂ ಇತ್ತು. ಇಂದು ಬಾಯಿ ಮುಕ್ಕಳಿಸುವ ಆ ದ್ರವ ಮೊದಲು ಮಾರುಕಟ್ಟೆಗೆ ಬಂದದ್ದು ಶಸ್ತ್ರಚಿಕಿತ್ಸೆಯ ನಂಜುನಿವಾರಕವಾಗಿ.

ನೀಲಗಿರಿ ಎಣ್ಣೆಯ ವ್ಯಾಪಾರವನ್ನು ಕಟ್ಟಿದವರು ಆಸ್ಟ್ರೇಲಿಯಾದ ಔಷಧ ವ್ಯಾಪಾರಿ ಜೋಸೆಫ್ ಬೊಸಿಸ್ಟೊ, 1850ರ ದಶಕದಲ್ಲಿ. ಆ ಮರ ಊಟಿ, ಕೂನೂರುಗಳ ಬೆಟ್ಟಕ್ಕೂ ಬಂತು. ಅಲ್ಲಿನ ಸಣ್ಣ ಭಟ್ಟಿಗಳು ಇಂದಿಗೂ ಎಲೆಯನ್ನು ಹಂಡೆಗೆ ತುಂಬಿ ಎಣ್ಣೆ ಇಳಿಸುತ್ತವೆ. ಅಪಾಯ ಇರುವುದೂ ಅಲ್ಲೇ. ಹಂಡೆಯ ಕೆಳಗೆ ನೇರವಾಗಿ ಬೆಂಕಿ ಹಾಕಿದರೆ ನೀರು ಬತ್ತಿದೊಡನೆ ತಳದ ಎಲೆ ಸೀಯುತ್ತದೆ, ಎಣ್ಣೆಗೆ ಸುಟ್ಟ ವಾಸನೆ ಹತ್ತುತ್ತದೆ. ಕಂಡೆನ್ಸರಿಗೆ ತಣ್ಣೀರು ಸಾಲದೇ ಹೋದರೆ ಹಬೆ ಹಬೆಯಾಗಿಯೇ ಹೊರಬಿದ್ದು ಒಲೆಯ ಕಡೆ ಹರಿಯುತ್ತದೆ. ನೀಲಗಿರಿ ಎಣ್ಣೆಯ ಆವಿ ಹೊತ್ತಿಕೊಳ್ಳಲು 50 ಡಿಗ್ರಿಯ ಆಸುಪಾಸಿನ ಶಾಖವಿದ್ದರೆ ಸಾಕು, ಒಂದು ಕಿಡಿ ಸಿಕ್ಕಬೇಕಷ್ಟೆ. ಬಾಯ್ಲರನ್ನು ದೂರದಲ್ಲಿಟ್ಟು ಕೊಳವೆಯಲ್ಲಿ ಹಬೆಯನ್ನಷ್ಟೇ ತರುವ ಪದ್ಧತಿ ಈ ಎರಡು ತೊಂದರೆಗಳನ್ನೂ ಬಹುಮಟ್ಟಿಗೆ ನೀಗಿಸಿತು. ಖರ್ಚು ಹೆಚ್ಚಾದ್ದರಿಂದ ಎಲ್ಲ ಸಣ್ಣ ಭಟ್ಟಿಗಳಿಗೂ ಅದು ಎಟಕಿಲ್ಲ.

ಥೈಮಾಲನ್ನೇ ಶುದ್ಧೀಕರಿಸಲು ಬಟ್ಟಿ ಇಳಿಸುವವರ ಕಷ್ಟ ಇದಕ್ಕೆ ತಿರುಗುಮುರುಗು. ಅದರ ಹರಳು ಕರಗುವುದು ಸುಮಾರು 50 ಡಿಗ್ರಿಯಲ್ಲಿ. ಕಂಡೆನ್ಸರ್ ತೀರ ತಣ್ಣಗಿದ್ದರೆ ಕೊಳವೆಯೊಳಗೇ ಗಟ್ಟಿಯಾಗಿ ದಾರಿ ಮುಚ್ಚುತ್ತದೆ, ಹಿಂದೆ ಒತ್ತಡ ಏರುತ್ತದೆ.

1914ರವರೆಗೆ ಭಾರತದ ಓಮ ಮೂಟೆಮೂಟೆಯಾಗಿ ಜರ್ಮನಿಗೆ ಹೋಗಿ ಅಲ್ಲಿ ಥೈಮಾಲ್ ಆಗುತ್ತಿತ್ತು. ಮೈಸೂರಿನ ಶ್ರೀಗಂಧದ ಗತಿಯೂ ಹೀಗೇ ಇತ್ತು. ಮಹಾಯುದ್ಧ ಆ ದಾರಿಯನ್ನು ಕಡಿದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಶ್ರೀಗಂಧದ ಎಣ್ಣೆಯನ್ನು ಇಲ್ಲೇ ಇಳಿಸುವ ಬಗೆ ಕಂಡುಕೊಂಡರು. ಅವರ ಪ್ರಯೋಗಾಲಯ ಓಮವನ್ನೂ ಕೈಗೆತ್ತಿಕೊಂಡಿತು. ಮೈಸೂರು ಎಂದರೆ ನಮಗೆ ನೆನಪಾಗುವುದು ಗಂಧವೊಂದೇ. ಓಮದ ಮಾತು ಸಂಸ್ಥೆಯ ಹಳೆಯ ಸಂಪುಟಗಳಲ್ಲೇ ಉಳಿದಿದೆ. ವಿಧಾನವೇನೋ ಸರಳ: ಬೀಜದಿಂದ ಬರುವುದು ನೂರಕ್ಕೆ ಎರಡರಿಂದ ನಾಲ್ಕು ಪಾಲು ಎಣ್ಣೆ. ಅದನ್ನು ಕಾಸ್ಟಿಕ್ ಸೋಡಾ ದ್ರಾವಣದೊಡನೆ ಕಲಕಿದರೆ ಥೈಮಾಲ್ ಮಾತ್ರ ಕರಗಿ ಉಳಿದದ್ದು ಮೇಲೆ ತೇಲುತ್ತದೆ. ದ್ರಾವಣಕ್ಕೆ ಆಮ್ಲ ಹಾಕಿದರೆ ಥೈಮಾಲ್ ಮರಳಿ ಬೇರೆಯಾಗುತ್ತದೆ.

ಯಾವ ಸೋಂಕುನಿವಾರಕ ಎಷ್ಟು ಪರಿಣಾಮಕಾರಿ ಎಂದು ಅಳೆಯಲು 1903ರಲ್ಲಿ ರಿಡೀಲ್ ಮತ್ತು ವಾಕರ್ ಒಂದು ಪರೀಕ್ಷೆ ರೂಪಿಸಿದರು: ಕಾರ್ಬಾಲಿಕ್ ಆಮ್ಲಕ್ಕೆ ಹೋಲಿಸಿ ಅಂಕ ಕೊಡುವುದು. 1920ರ ದಶಕದಲ್ಲಿ ಆರ್ಥರ್ ಪೆನ್‌ಫೋಲ್ಡ್ ಆಸ್ಟ್ರೇಲಿಯಾದ ಟೀ ಟ್ರೀ ಎಣ್ಣೆಗೆ ಹನ್ನೊಂದರಷ್ಟು ಅಂಕ ಕೊಟ್ಟಾಗ ಅದು ಹೆಸರಾಯಿತು. ಪರೀಕ್ಷಾನಳಿಕೆಯ ಅಂಕಕ್ಕೂ ಕೊಳಕು ತುಂಬಿದ ನೆಲಕ್ಕೂ ಇರುವ ಅಂತರವನ್ನು ಜಾಹೀರಾತುಗಳು ಹೇಳಲಿಲ್ಲ. ನಮ್ಮ ಬಿಳಿ ಫಿನಾಯಿಲಿನ ಪೈನ್ ಎಣ್ಣೆಗೂ ಈ ಮಾತು ಸಲ್ಲುತ್ತದೆ: ಅದು ಕೆಲವು ಬ್ಯಾಕ್ಟೀರಿಯಾಗಳ ಮೇಲೆ ಚೆನ್ನಾಗಿಯೂ ಕೆಲವುಗಳ ಮೇಲೆ ಸಪ್ಪೆಯಾಗಿಯೂ ಕೆಲಸ ಮಾಡುತ್ತದೆ.

ಹರಳೆಣ್ಣೆಯ ಕಥೆಯೇ ಬೇರೆ. ಇಲ್ಲಿ ಎಣ್ಣೆಯನ್ನು ಶಾಖದಿಂದ ಕಾಪಾಡುವುದಲ್ಲ, ಶಾಖದಿಂದಲೇ ಒಡೆಯಬೇಕು. ಅದರ ಬಹುಪಾಲಾದ ರಿಸಿನೋಲಿಕ್ ಆಮ್ಲದಲ್ಲಿ ಹದಿನೆಂಟು ಇಂಗಾಲದ ಸರಪಳಿ ಇದೆ. ತೀವ್ರ ಶಾಖಕ್ಕೆ ಅದು ಏಳು ಮತ್ತು ಹನ್ನೊಂದಾಗಿ ತುಂಡಾಗುತ್ತದೆ. ಹನ್ನೊಂದರ ತುಂಡೇ ಅಂಡಿಸಿಲೆನಿಕ್ ಆಮ್ಲ, ಬೂಷ್ಟನ್ನು ಅಡಗಿಸುವ ವಸ್ತು. ರಸಾಯನಶಾಸ್ತ್ರಜ್ಞ ಕ್ರಾಫ್ಟ್ 1877ರಲ್ಲಿ ಒತ್ತಡ ತಗ್ಗಿಸಿ ಬಟ್ಟಿ ಇಳಿಸಿ ಇದನ್ನು ಪಡೆದರು. ಎರಡನೇ ಮಹಾಯುದ್ಧದಲ್ಲಿ ಬೂಟಿನೊಳಗೆ ಕೊಳೆತ ಅಮೆರಿಕನ್ ಸೈನಿಕರ ಕಾಲಿಗೆ ಇದೇ ಪುಡಿ, ಮುಲಾಮಾಗಿ ಸಿಕ್ಕಿತು. ಆದರೆ ಎಣ್ಣೆಯನ್ನು ಇದ್ದಂತೆಯೇ ಕಾಯಿಸಿದರೆ ಅದರ ಗ್ಲಿಸರಾಲ್ ಒಡೆದು ಅಕ್ರೋಲಿನ್ ಆಗುತ್ತದೆ. ಬಾಣಲೆಯ ಎಣ್ಣೆ ಹೊಗೆಯೆದ್ದಾಗ ಕಣ್ಣು ಉರಿಯುವುದೂ ಅದರಿಂದಲೇ. ಕಾರ್ಖಾನೆಯ ಪ್ರಮಾಣದಲ್ಲಿ ಅದು ವಿಷಗಾಳಿ. ಹಾಗಾಗಿ ಈಗಿನವರು ಮೊದಲು ಮೆಥನಾಲ್ ಬೆರೆಸಿ ಗ್ಲಿಸರಾಲನ್ನು ಬೇರ್ಪಡಿಸುತ್ತಾರೆ, ಉಳಿದ ಎಸ್ಟರನ್ನು ಹಬೆಯೊಡನೆ 500 ಡಿಗ್ರಿ ಮೀರಿದ ಶಾಖದಲ್ಲಿ ಕ್ಷಣಮಾತ್ರ ಹಾಯಿಸುತ್ತಾರೆ. ಫ್ರಾನ್ಸಿನ ಮಾರ್ಸೇಯ್‌ನಲ್ಲಿ ಇದು ದೊಡ್ಡ ಉದ್ಯಮವಾಯಿತು, ಔಷಧಕ್ಕಿಂತ ಹೆಚ್ಚಾಗಿ ನೈಲಾನ್-11ಕ್ಕಾಗಿ. ಹರಳು ಬೆಳೆಯುವುದರಲ್ಲಿ ಜಗತ್ತಿಗೆ ಮೊದಲಿಗರಾದ ಗುಜರಾತಿನ ರೈತರಿಗೂ ಇದೇ ದೊಡ್ಡ ಮಾರುಕಟ್ಟೆಗಳಲ್ಲೊಂದು.

2020ರಲ್ಲಿ ಕೊರೊನಾ ಬಂದಾಗ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂಗೀಕೃತ ಸೋಂಕುನಿವಾರಕಗಳ ಪಟ್ಟಿಯಲ್ಲಿ ಥೈಮಾಲ್ ಆಧಾರಿತ ಉತ್ಪನ್ನಗಳೂ ಇದ್ದವು. ಅವುಗಳಲ್ಲಿ ಹಲವಕ್ಕೆ ಒರೆಸಿದ ಜಾಗ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕೆಂಬ ಷರತ್ತು. ಅದೇ ದಿನಗಳಲ್ಲಿ ಗ್ಯಾಸ್ ಒಲೆಯ ಮೇಲೆ ನೀಲಗಿರಿ ಎಣ್ಣೆ ಕಾಯಿಸಿ ಮನೆಯಲ್ಲೇ 'ಸ್ಯಾನಿಟೈಸರ್' ಮಾಡುವ ಸಲಹೆಗಳೂ ಮೊಬೈಲುಗಳಲ್ಲಿ ಓಡಾಡಿದವು. ತೆರೆದ ಉರಿಯ ಮೇಲೆ ಈ ಎಣ್ಣೆಯನ್ನು ಇಡಲೇಬಾರದು. ಸಣ್ಣ ಮಕ್ಕಳು ಅದನ್ನು ಕುಡಿದರೆ ಕೆಲವೇ ಮಿಲಿಲೀಟರ್ ಪ್ರಾಣಕ್ಕೆ ಕುತ್ತು ತರಬಹುದು. ಇನ್ನು ಥೈಮಾಲಿನ ಸಂಗತಿ: ಇಂದು ಅದರ ಬಹುಪಾಲು ಓಮದಿಂದ ಬರುವುದಿಲ್ಲ. ಮೆಟಾ-ಕ್ರೆಸಾಲ್ ಮತ್ತು ಪ್ರೊಪಿಲೀನ್ ಎಂಬ ರಾಸಾಯನಿಕಗಳನ್ನು ಕಾರ್ಖಾನೆಯಲ್ಲಿ ಕೂಡಿಸಿ ಮಾಡುತ್ತಾರೆ. ಅಣು ಒಂದೇ, ಬೆಲೆ ಕಡಿಮೆ. 'ಸಸ್ಯಜನ್ಯ' ಎಂದು ಚೀಟಿ ಹಚ್ಚಿ ಮಾರಬೇಕಾದವರಷ್ಟೇ ಈಗ ಓಮದ ಭಟ್ಟಿಗಳ ಬಾಗಿಲಿಗೆ ಬರುತ್ತಾರೆ.