ಕನ್ನಡಿ ತೆಗೆದ ಮೇಲೆ

ಹಳೆಯ ಮಸೂರವೊಂದು ಹೊಸ ಕ್ಯಾಮೆರಾಕ್ಕೆ ಒಗ್ಗುವುದೇ ಎಂಬ ಪ್ರಶ್ನೆಗೆ ಉತ್ತರ ಮೊದಲು ಅಡಗಿರುವುದು ಒಂದು ಅಂತರದಲ್ಲಿ: ಮಸೂರ ಕೂರುವ ಬಾಯಿಗೂ ಬಿಂಬ ಮೂಡುವ ತಲಕ್ಕೂ ನಡುವಿನ ದೂರ.

1920ರ ದಶಕದಲ್ಲಿ ಬೆಲ್ ಅಂಡ್ ಹೊವೆಲ್ ಕಂಪನಿಯ 16 ಮಿ.ಮೀ. ಚಲನಚಿತ್ರ ಕ್ಯಾಮೆರಾಗಳ ಮೂಲಕ 'ಸಿ ಮೌಂಟ್' ರೂಢಿಗೆ ಬಂತು. ಒಂದು ಅಂಗುಲ ವ್ಯಾಸ, ಅಂಗುಲಕ್ಕೆ 32 ತಿರುಪಿನ ಸುತ್ತು, 17.526 ಮಿ.ಮೀ. ಅಂತರ. ಮುಂದೆ ಕಾವಲಿನ ವಿಡಿಯೊ ಕ್ಯಾಮೆರಾಗಳೂ ಇದನ್ನೇ ಒಪ್ಪಿಕೊಂಡವು.

ಸ್ಥಿರಚಿತ್ರದ ಎಸ್‌ಎಲ್‌ಆರ್ ಕ್ಯಾಮೆರಾಗಳ ಹಾದಿ ಬೇರೆಯಾಯಿತು. ದೃಶ್ಯವನ್ನು ಕಣ್ಣಿಗೆ ಹಾಯಿಸುವ ಕನ್ನಡಿಗೆ ಒಳಗೆ ಜಾಗ ಬೇಕು. 1959ರ ನಿಕಾನ್ ಎಫ್‌ನಲ್ಲಿ ಆ ಅಂತರ 46.5 ಮಿ.ಮೀ. ಅಷ್ಟು ಮುಂದೆ ಕೂತ ಸಿ ಮೌಂಟ್ ಮಸೂರಕ್ಕೆ ತೀರ ಸಮೀಪದ ವಸ್ತುವಿನ ಹೊರತು ಬೇರೇನೂ ಸ್ಫುಟವಾಗದು. ಡಿಜಿಟಲ್ ಎಸ್‌ಎಲ್‌ಆರ್‌ಗಳೂ ಕನ್ನಡಿಯನ್ನು ಉಳಿಸಿಕೊಂಡವು, ಬಹಿಷ್ಕಾರವೂ ಉಳಿಯಿತು.

2008ರಲ್ಲಿ ಒಲಿಂಪಸ್ ಮತ್ತು ಪ್ಯಾನಸೋನಿಕ್ ಪ್ರಕಟಿಸಿದ 'ಮೈಕ್ರೊ ಫೋರ್ ಥರ್ಡ್ಸ್' ವ್ಯವಸ್ಥೆ ಕನ್ನಡಿಯನ್ನೇ ತೆಗೆದುಹಾಕಿತು. ಅಂತರ 19.25 ಮಿ.ಮೀ.ಗೆ ಇಳಿಯಿತು. ಮಸೂರವನ್ನು ಎರಡು ಮಿ.ಮೀ.ಗೂ ಕಡಿಮೆ ಒಳಕ್ಕೆ ಕೂರಿಸುವ ತಗ್ಗಾದ ಅಡಾಪ್ಟರ್ ಸಾಕಾಯಿತು.

ಆದರೂ ಹೊಂದಿಕೆ ಪೂರ್ಣವಲ್ಲ. 16 ಮಿ.ಮೀ. ಫಿಲ್ಮಿನ ಚೌಕಟ್ಟು ಸುಮಾರು 10.3 ಮಿ.ಮೀ. ಅಗಲ, ಈ ಸೆನ್ಸರ್ 17.3 ಮಿ.ಮೀ. ಹಾಗಾಗಿ ಅನೇಕ ಮಸೂರಗಳಲ್ಲಿ ಚಿತ್ರದ ಮೂಲೆಗಳು ಕಪ್ಪಾಗುತ್ತವೆ. ಬೆನ್ನು ಉದ್ದವಿರುವ ಕೆಲವು ಮಸೂರಗಳು ಒಳಗಿನ ಭಾಗಕ್ಕೆ ತಾಗಲೂಬಹುದು.

ಅಟ್ಟದ ಮೇಲೆ ಅಜ್ಜನ ಸಿನೆ ಕ್ಯಾಮೆರಾ ಇರುವವರು ಗುಜರಿಯವನನ್ನು ಕರೆಯುವ ಮುನ್ನ ಮಸೂರದ ತಿರುಪನ್ನೊಮ್ಮೆ ಅಳೆದು ನೋಡುವುದು ಒಳಿತು. ಅದರ ಆಯುಷ್ಯ ಇನ್ನೂ ಮುಗಿದಿರಲಾರದು.